ದೂರಿಗೆ ಮೊದಲು ಆಸರೆ

ಚನ್ನರಾಯಪಟ್ಟಣ, ಹೊಳೆನರಸೀಪುರ, ಅರಕಲಗೂಡು ಸೀಮೆಯ ಒಕ್ಕಲು ಮನೆತನಗಳ ಹೆಣ್ಣುಮಕ್ಕಳು ಹಾಸನದಲ್ಲಿಯೋ ಬೆಂಗಳೂರಿನಲ್ಲಿಯೋ ನರ್ಸಿಂಗ್ ಕಲಿತು, ಎರಡು ಮೂರು ವರ್ಷ ನಗರದ ಆಸ್ಪತ್ರೆಗಳಲ್ಲಿ ರಾತ್ರಿಪಾಳಿ ದುಡಿದು, ಅನಂತರ ತಂದೆಯ ಸಾಲವನ್ನು ತೀರಿಸುವುದಕ್ಕೋ ತಮ್ಮನ ಓದಿಗೋ ಸಮುದ್ರದಾಚೆಯ ಸಂಬಳವನ್ನು ನೆಚ್ಚಿ ಹೊರಡುವುದು ಈಗ ನಮ್ಮ ಕಡೆ ಅಪೂರ್ವವಾದ ಸಂಗತಿಯೇನೂ ಆಗಿ ಉಳಿದಿಲ್ಲ. ಹೀಗೆ ಹೋದವರು ಸೇರುವ ಆಸ್ಪತ್ರೆಗಳಲ್ಲಿ ಕೆಲವು ಆಯಾ ದೇಶದ ಆರೋಗ್ಯ ಇಲಾಖೆಯವು, ಕೆಲವು ಖಾಸಗಿಯವು, ಮತ್ತೆ ಕೆಲವು ಅಲ್ಲಿಯ ಸೈನ್ಯಕ್ಕೆ ಸೇರಿದವು. ಸೌದಿ ಅರೇಬಿಯಾದ ರಕ್ಷಣಾ ಇಲಾಖೆಯ ಆಸ್ಪತ್ರೆಗಳು ಭಾರತದ ನರ್ಸುಗಳನ್ನು ಬಹುಕಾಲದಿಂದ ನೇಮಿಸಿಕೊಳ್ಳುತ್ತ ಬಂದಿವೆ. 2021ರ ಆಗಸ್ಟ್ ತಿಂಗಳಲ್ಲಿ ಕಾಬೂಲು ತಾಲಿಬಾನರ ವಶವಾದಾಗ ವಿಮಾನವೇರಿ ಮರಳಿದ ಕನ್ನಡಿಗರಲ್ಲಿ ನ್ಯಾಟೊ ಪಡೆಗಳ ನೆಲೆಗಳಲ್ಲಿ ನಾಗರಿಕ ನೌಕರರಾಗಿ ದುಡಿಯುತ್ತಿದ್ದ ಮಂಗಳೂರು ಕಡೆಯವರು ಹಲವರಿದ್ದರೆಂಬುದೂ ಆಗ ಪತ್ರಿಕೆಗಳಿಂದ ತಿಳಿದುಬಂದಿತು. ಹೋದವರಲ್ಲಿ ಬಹುಮಂದಿ ಮೈಬಗ್ಗಿಸಿ ದುಡಿದು, ಊರಿನಲ್ಲೊಂದು ಮನೆ ಕಟ್ಟಿ, ಮಾನದಿಂದ ಮರಳುತ್ತಾರೆ. ನಾನು ಇಲ್ಲಿ ವಿಚಾರಿಸಹೊರಟಿರುವುದು ಹಾಗೆ ಮರಳಲಾರದವರ ವಿಷಯವನ್ನು. ಅನ್ಯದೇಶದಲ್ಲಿ, ಸೈನ್ಯದ ಆವರಣದೊಳಗೆ, ಸಮವಸ್ತ್ರವಿಲ್ಲದೆ ದುಡಿಯುವ ಹೆಂಗಸಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದರೆ ಅವಳಿಗೆ ಯಾರು ದಿಕ್ಕು ಎಂಬ ಪ್ರಶ್ನೆಯನ್ನು.

ಯಾವ ಸೈನ್ಯವೂ ಸಿಪಾಯಿಗಳಿಂದ ಮಾತ್ರವೇ ನಡೆಯಲಾರದು. ಅಡಿಗೆಯವರು, ಬಟ್ಟೆ ಒಗೆಯುವವರು, ಉಗ್ರಾಣ ಕಾಯುವವರು, ದುಭಾಷಿಗಳು, ದಾದಿಯರು, ಲೆಕ್ಕ ಬರೆಯುವವರು, ಇಷ್ಟು ಜನರ ಬೆವರಿನ ಮೇಲೆ ಅದು ನಿಂತಿರುತ್ತದೆ. ಇವರ ಸ್ಥಿತಿಯ ವಿಚಿತ್ರವೆಂದರೆ, ಸಂಬಳ ಕೊಡುವವನು ಒಂದು ದೇಶದ ಗುತ್ತಿಗೆದಾರನಾಗಿರಬಹುದು, ಅಪ್ಪಣೆ ಕೊಡುವವನು ಮತ್ತೊಂದು ದೇಶದ ಸೇನಾಧಿಕಾರಿಯಾಗಿರಬಹುದು, ಕಾಲ ಕೆಳಗಿನ ನೆಲ ಮೂರನೆಯವರದಾಗಿರಬಹುದು. ತಮ್ಮದೆಂದು ಉಳಿಯುವುದು ಪಾಸ್‌ಪೋರ್ಟು ಒಂದೇ, ಅದು ಕೂಡ ಅನೇಕ ವೇಳೆ ಮಾಲೀಕನ ಬೀರುವಿನಲ್ಲಿರುತ್ತದೆ. ಆಪತ್ತು ಒದಗಿದ ರಾತ್ರಿ ಅಂಥ ಹೆಂಗಸಿಗೆ ಮೊದಲು ಬೇಕಾಗುವುದು ನ್ಯಾಯಾಲಯವಲ್ಲ. ಅವಳಿಗೆ ಬೇಕಾಗುವುದು ಒಳಗಿನಿಂದ ಅಗಣಿ ಹಾಕಿಕೊಳ್ಳಬಹುದಾದ ಒಂದು ಕೋಣೆ, ಒಬ್ಬ ವೈದ್ಯೆ, ತನ್ನ ಮಾತು ತಿಳಿಯುವ ಒಬ್ಬ ಮನುಷ್ಯ, ಮತ್ತು ನಾಳೆ ಬೆಳಗ್ಗೆ ಕೆಲಸ ಹೋಗುವುದಿಲ್ಲವೆಂಬ ಭರವಸೆ. ನನ್ನ ವಾದವೆಲ್ಲ ಇದರ ಸುತ್ತಲೇ ಇದೆ: ಈ ನೆರವುಗಳು ದೂರು ಕೊಟ್ಟದ್ದಕ್ಕೆ ಪ್ರತಿಫಲವಾಗಿ ದೊರೆಯತಕ್ಕವಲ್ಲ, ದೂರು ಕೊಡುವುದೋ ಬಿಡುವುದೋ ಎಂಬ ನಿಶ್ಚಯಕ್ಕೆ ಅವಳು ಬರುವುದಕ್ಕೆ ಮೊದಲೇ, ಆ ನಿಶ್ಚಯ ಏನೇ ಆದರೂ, ಅವು ಅವಳ ಹಕ್ಕಾಗಿ ದೊರೆಯತಕ್ಕವು, ಮತ್ತು ಆ ಹಕ್ಕು ಅವಳ ಕರಾರುಪತ್ರದೊಡನೆ ಅವಳು ಹೋದಲ್ಲಿಗೆಲ್ಲ ಹೋಗತಕ್ಕದ್ದು.

ನಮ್ಮ ದೇಶದ 1950ರ ಸೇನಾ ಅಧಿನಿಯಮವನ್ನು ಈ ದೃಷ್ಟಿಯಿಂದ ಓದಿ ನೋಡುವುದು ಉಚಿತ. ಅದರ 2ನೆಯ ಕಲಮಿನಂತೆ, ಸೈನ್ಯವು ಸಕ್ರಿಯ ಸೇವೆಯಲ್ಲಿರುವಾಗ ಅಥವಾ ಬೀಡುಬಿಟ್ಟಿರುವಾಗ ಅದರ ನೌಕರಿಯಲ್ಲಿರತಕ್ಕವರು, ಅದನ್ನು ಹಿಂಬಾಲಿಸತಕ್ಕವರು, ಅದರೊಡನೆ ಪಯಣಿಸತಕ್ಕವರು, ತಾವು ಸಿಪಾಯಿಗಳಲ್ಲದಿದ್ದರೂ, ಆ ಅಧಿನಿಯಮದ ಅಧೀನಕ್ಕೆ ಬರುತ್ತಾರೆ. ಗಡಿ ರಸ್ತೆಗಳ ಸಂಸ್ಥೆಯ ನೌಕರರಿಗೂ ಸೇನಾಶಿಸ್ತಿನ ಹಲವು ಕಲಮುಗಳನ್ನು ಅನ್ವಯಿಸಿದ್ದು ಸರಿಯೆಂದು ಸುಪ್ರೀಂ ಕೋರ್ಟು 1983ರಲ್ಲಿ ವಿಶ್ವನ್ ಮೊಕದ್ದಮೆಯಲ್ಲಿ ತೀರ್ಪಿತ್ತಿತು. ಆ ನೌಕರರು ದೇಶದೊಳಗೆ ಮಾತ್ರ ದುಡಿಯುವವರಲ್ಲ: ಅದೇ ಸಂಸ್ಥೆಯೇ 1961ರಿಂದ ಭೂತಾನಿನಲ್ಲಿ ದಂತಕ್ ಯೋಜನೆಯನ್ನು ನಡೆಸುತ್ತಿರುವುದು, ಅಫ್ಘಾನಿಸ್ತಾನದಲ್ಲಿ ಜರಂಜ್ ಮತ್ತು ದೇಲಾರಾಮ್ ನಡುವಣ 218 ಕಿಲೋಮೀಟರ್ ರಸ್ತೆಯನ್ನು ಹಾಕಿ ಮುಗಿಸಿದ್ದು. ಇನ್ನು ಅದೇ ಅಧಿನಿಯಮದ 70ನೆಯ ಕಲಮನ್ನು ನೋಡಿದರೆ, ಸೈನಿಕನೊಬ್ಬನು ಸೇನಾ ಕಾನೂನಿಗೆ ಒಳಪಡದ ವ್ಯಕ್ತಿಯ ಮೇಲೆ ಅತ್ಯಾಚಾರವೆಸಗಿದರೆ ಅವನನ್ನು ಕೋರ್ಟ್ ಮಾರ್ಷಲ್ ವಿಚಾರಿಸಕೂಡದು, ಸಾಮಾನ್ಯ ನ್ಯಾಯಾಲಯವೇ ವಿಚಾರಿಸತಕ್ಕದ್ದು ಎಂಬ ಒಳ್ಳೆಯ ನಿಯಮವೊಂದು ಅಲ್ಲಿದೆ. ಆದರೆ ಆ ನಿಯಮಕ್ಕೆ ಮೂರು ಅಪವಾದಗಳುಂಟು, ಅವುಗಳಲ್ಲಿ ಒಂದು ಸಕ್ರಿಯ ಸೇವೆ, ಮತ್ತೊಂದು ಭಾರತದ ಹೊರಗಿನ ಯಾವುದೇ ಸ್ಥಳ. ಎಂದರೆ ತಾಯ್ನಾಡಿನಲ್ಲಿ ನಾಗರಿಕಳಾದವಳಿಗೆ ಯಾವ ಬಾಗಿಲು ತೆರೆದಿತ್ತೋ ಅದು, ಅವಳು ಎಲ್ಲಕ್ಕಿಂತ ಒಬ್ಬಂಟಿಯಾಗಿರುವ ಕಡೆಯಲ್ಲಿ, ಮುಚ್ಚಿಕೊಳ್ಳುವ ಸಂಭವವಿದೆ.

ಸೈನ್ಯದ ಕಾನೂನಿನ ಉದ್ದೇಶ ಶಿಸ್ತೇ ಹೊರತು ಶುಶ್ರೂಷೆಯಲ್ಲವೆಂದು ಬಲ್ಲವರು ಹೇಳಿಯಾರು. ಅದು ಸರಿ. ಆದರೆ ಒಬ್ಬ ದಾದಿಯನ್ನೋ ದುಭಾಷಿಯನ್ನೋ ತಪ್ಪು ಮಾಡಿದಾಗ ಶಿಕ್ಷಿಸುವುದಕ್ಕಾಗಿ ತನ್ನವಳೆಂದು ಎಣಿಸತಕ್ಕ ವ್ಯವಸ್ಥೆಯು, ಅವಳ ಮೇಲೆ ತಪ್ಪು ನಡೆದಾಗ ಪರಕೀಯಳೆಂದು ಎಣಿಸುವುದು ಯಾವ ಧರ್ಮದೃಷ್ಟಿಯಿಂದಲೂ ಸಮರ್ಥನೀಯವಲ್ಲ. ಈ ತಾರತಮ್ಯ ನಮ್ಮ ದೇಶದ್ದೊಂದೇ ಅಲ್ಲ. ಅಮೆರಿಕವು ಯುದ್ಧಭೂಮಿಗೆ ತನ್ನ ಸೈನ್ಯದ ಜತೆಯಲ್ಲಿ ಹೋಗುವ ಗುತ್ತಿಗೆ ನೌಕರರನ್ನು ಕೋರ್ಟ್ ಮಾರ್ಷಲಿಗೆ ಗುರಿಪಡಿಸುವ ತಿದ್ದುಪಡಿಯನ್ನು 2006ರಲ್ಲಿಯೇ ಮಾಡಿಕೊಂಡಿತು. ಅಂಥ ನೌಕರರಿಗೆ ದೌರ್ಜನ್ಯದ ಸಂದರ್ಭದಲ್ಲಿ ದೊರೆಯುವ ಆಸರೆಯಾದರೋ ಸಿಪಾಯಿಗೆ ದೊರೆಯುವುದಕ್ಕಿಂತ ಎಷ್ಟೋ ಕಾಲ ಕಡಮೆಯಾಗಿಯೇ ಇತ್ತು.

ಆದರೂ ಅದೇ ಅಮೆರಿಕದಿಂದ ಕಲಿಯಬೇಕಾದ ಒಂದು ಏರ್ಪಾಡುಂಟು. 2005ರಲ್ಲಿ ಅಲ್ಲಿಯ ರಕ್ಷಣಾ ಇಲಾಖೆಯು ತನ್ನ ಸೈನಿಕರ ವಿಷಯದಲ್ಲಿ ಎರಡು ದಾರಿಗಳನ್ನು ಮಾಡಿಕೊಟ್ಟಿತು. ಒಂದು, ನಾವೆಲ್ಲ ಬಲ್ಲ ದೂರಿನ ದಾರಿ. ಮೇಲಧಿಕಾರಿಗೆ ತಿಳಿದು, ತನಿಖೆ ನಡೆದು, ಆರೋಪಿಯನ್ನು ಹಿಡಿದು ವಿಚಾರಿಸುವುದು. ಇನ್ನೊಂದು, ಗೋಪ್ಯವಾದ ದಾರಿ. ನೊಂದವರು ನಿಯುಕ್ತಳಾದ ಸಹಾಯಕಿಗೋ ವೈದ್ಯರಿಗೋ ಹೇಳಿಕೊಂಡು, ಚಿಕಿತ್ಸೆ ಪಡೆದು, ಆಪ್ತಸಮಾಲೋಚನೆ ಪಡೆದು, ದೇಹದ ಮೇಲಿನ ಸಾಕ್ಷ್ಯವನ್ನು ಹೆಸರಿಲ್ಲದ ಸಂಖ್ಯೆಯ ಅಡಿಯಲ್ಲಿ ಹಲವು ವರ್ಷ ಕಾಪಿಟ್ಟು, ಮೇಲಧಿಕಾರಿಗೆ ಹೆಸರು ತಿಳಿಸದೆ ಇರುವುದು. ಧೈರ್ಯ ಬಂದ ದಿನ ಅದನ್ನೇ ದೂರಾಗಿ ಪರಿವರ್ತಿಸಿಕೊಳ್ಳುವುದು. ಈ ಎರಡನೆಯ ದಾರಿಯು ಮೊದಲಲ್ಲಿ ಸಿಪಾಯಿಗಳಿಗೆ ಮಾತ್ರ ಮೀಸಲಾಗಿದ್ದು, ನಾಗರಿಕ ನೌಕರರ ಪಾಲಿಗೆ ಬಹಳ ನಿಧಾನವಾಗಿಯೂ ಅರ್ಧಮರ್ಧವಾಗಿಯೂ ತೆರೆಯಿತು. ಇರಾಕಿನಲ್ಲಿ ಗುತ್ತಿಗೆ ಕಂಪನಿಯೊಂದರ ನೌಕರಳಾಗಿದ್ದ ತರುಣಿಯೊಬ್ಬಳು 2005ರಲ್ಲಿ ತನ್ನ ಮೇಲೆ ಅತ್ಯಾಚಾರವಾಯಿತೆಂದು ಹೇಳಿ ಕಂಪನಿಯ ಮೇಲೆ ದಾವೆ ಹೂಡಹೋದಾಗ, ಕೋರ್ಟಿಗೆ ಹೋಗದೆ ಖಾಸಗಿ ಮಧ್ಯಸ್ಥಿಕೆಯಲ್ಲಿಯೇ ವ್ಯಾಜ್ಯ ತೀರಿಸಿಕೊಳ್ಳತಕ್ಕದ್ದೆಂದು ಅವಳ ಕರಾರಿನಲ್ಲಿ ಬರೆದಿರುವುದನ್ನು ಎದುರಿಗೆ ಹಿಡಿದರು. ವರ್ಷಗಳ ಮೇಲೆ ಜ್ಯೂರಿಯು ಅವಳ ಆರೋಪವನ್ನು ಅಂಗೀಕರಿಸಲಿಲ್ಲವೆಂಬುದು ನಿಜ. ಆದರೆ ಬಾಗಿಲಲ್ಲಿಯೇ ತಡೆಯುವ ಅಂಥ ಷರತ್ತು ಅನ್ಯಾಯವೆಂದು ಕಂಡ ಸೆನೆಟರ್ ಆಲ್ ಫ್ರಾಂಕನ್ 2009ರಲ್ಲಿ ತಿದ್ದುಪಡಿ ತಂದು, ರಕ್ಷಣಾ ಇಲಾಖೆಯ ದೊಡ್ಡ ಗುತ್ತಿಗೆಗಳನ್ನು ಹಿಡಿಯುವ ಕಂಪನಿಗಳು ಲೈಂಗಿಕ ದೌರ್ಜನ್ಯದ ದಾವೆಗಳಿಗೆ ಇಂಥ ಷರತ್ತನ್ನು ಹಾಕಕೂಡದೆಂದು ಮಾಡಿಸಿದರು. ಸರ್ಕಾರದ ಹಣ ಹೋಗುವ ಕಡೆಯಲ್ಲೆಲ್ಲ ಸರ್ಕಾರದ ನೀತಿಯನ್ನೂ ಕಳುಹಿಸಬಹುದೆಂಬುದಕ್ಕೆ ಅದು ಸಾಕಷ್ಟು ನಿದರ್ಶನ.

ಗೋಪ್ಯವಾದ ದಾರಿಯ ಅವಶ್ಯಕತೆಯು ಮನಸ್ಸಿಗೆ ನಾಟಬೇಕಾದರೆ ಶರೀರದ ಗಡಿಯಾರವನ್ನು ಸ್ವಲ್ಪ ಗಮನಿಸಬೇಕು. ಹೆಚ್.ಐ.ವಿ. ಸೋಂಕು ತಗುಲದಂತೆ ಕೊಡುವ ಔಷಧವನ್ನು 72 ಗಂಟೆಗಳೊಳಗೆ ಆರಂಭಿಸತಕ್ಕದ್ದು. ಅದರ ಮೇಲೆ ಕೊಟ್ಟರೆ ಪ್ರಯೋಜನವಿಲ್ಲ. ಗರ್ಭ ನಿಲ್ಲದಂತೆ ಕೊಡುವ ತುರ್ತು ಮಾತ್ರೆಯು ಎಷ್ಟು ಬೇಗನೆಯಾದರೆ ಅಷ್ಟು ಒಳ್ಳೆಯದು, 120 ಗಂಟೆ ಕಳೆದರೆ ಅದರ ಮೇಲೆ ಭಾರ ಹಾಕುವಂತಿಲ್ಲ. ನಮ್ಮ ಕೇಂದ್ರ ಆರೋಗ್ಯ ಇಲಾಖೆಯ 2014ರ ಮಾರ್ಗಸೂಚಿಯಂತೆ ದೇಹದಿಂದ ಸಾಕ್ಷ್ಯದ ಮಾದರಿಗಳನ್ನು 96 ಗಂಟೆಗಳವರೆಗೆ ತೆಗೆಯಬಹುದು. ಬಟ್ಟೆಗಳ ವಿಷಯದಲ್ಲಿಯೂ ಒಂದು ಕ್ರಮವುಂಟು: ಒದ್ದೆಯಿದ್ದರೆ ನೆರಳಿನಲ್ಲಿ ಒಣಗಿಸಿ, ಒಂದೊಂದು ಬಟ್ಟೆಯನ್ನೂ ಬೇರೆ ಬೇರೆ ಕಾಗದದ ಲಕೋಟೆಯಲ್ಲಿ ಇಡಬೇಕು, ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ಟರೆ ತೇವ ಕೂತು ಬೂಷ್ಟು ಹಿಡಿದು ಸಾಕ್ಷ್ಯ ಹಾಳಾಗುತ್ತದೆ. ಅವಮಾನದಿಂದ ತತ್ತರಿಸಿದವಳು ಮಾಡುವ ಮೊದಲ ಕೆಲಸವೋ ನೀರು ಹೊಯ್ದುಕೊಂಡು, ಆ ಬಟ್ಟೆಗಳನ್ನು ಒಗೆದೋ ಸುಟ್ಟೋ ಬಿಡುವುದು. ಯಾರಾದರೂ ಹತ್ತಿರದಲ್ಲಿದ್ದು ಮೃದುವಾಗಿ ತಿಳಿಸಿ ಹೇಳದಿದ್ದರೆ ಯಾವ ಹೆಣ್ಣಾದರೂ ಮಾಡುವುದು ಅದನ್ನೇ. ಈ 72, 96, 120 ಗಂಟೆಗಳು ಒಂದೊಂದಾಗಿ ಕಳೆಯುತ್ತಿರುವಾಗ, ನೀನು ದೂರು ಬರೆದುಕೊಟ್ಟರೆ ಮಾತ್ರ ವೈದ್ಯರ ಬಳಿಗೆ ಕರೆದೊಯ್ಯುತ್ತೇವೆಂದು ಹೇಳುವುದು ಅವಳ ಆರೋಗ್ಯವನ್ನೂ ಅವಳ ಮುಂದಿನ ನ್ಯಾಯವನ್ನೂ ಒಟ್ಟಿಗೆ ಕೊಂದಂತೆಯೇ ಸರಿ.

ಪರದೇಶದಲ್ಲಿ ದೂರು ಕೊಡುವುದರಲ್ಲಿ ಮತ್ತೊಂದು ಭಯವೂ ಅಡಗಿದೆ, ಅದು ನಿರಾಧಾರವಾದ ಭಯವಲ್ಲ. ವಿವಾಹಬಾಹಿರವಾದ ಸಂಗವೇ ಅಪರಾಧವೆನಿಸಿರುವ ದೇಶಗಳಲ್ಲಿ, ಅತ್ಯಾಚಾರವೆಂದು ಸಾಧಿಸಲಾರದೆ ಹೋದವಳು ತಾನೇ ಅಪರಾಧಿಯಾಗಿ ನಿಲ್ಲುವ ಪ್ರಸಂಗವುಂಟು. 2013ರಲ್ಲಿ ದುಬೈಯಲ್ಲಿ ಅತ್ಯಾಚಾರದ ದೂರು ಕೊಟ್ಟ ನಾರ್ವೆ ದೇಶದ ಮಹಿಳೆಯೊಬ್ಬಳಿಗೆ 16 ತಿಂಗಳ ಸಜೆಯಾಗಿ, ಲೋಕವೆಲ್ಲ ಆಕ್ಷೇಪಿಸಿದ ಮೇಲೆ ಕ್ಷಮಾದಾನ ದೊರೆಯಿತು. ಬೆನ್ನಿಗೆ ಸಿರಿವಂತ ರಾಷ್ಟ್ರವೊಂದಿದ್ದವಳ ಪಾಡೇ ಹಾಗಾದರೆ, ಹಿರೀಸಾವೆಯದೋ ನುಗ್ಗೇಹಳ್ಳಿಯದೋ ಹುಡುಗಿ ಠಾಣೆಯ ಮೆಟ್ಟಿಲು ಹತ್ತುವ ಮೊದಲು ಹತ್ತು ಸಲ ಹಿಂಜರಿಯುವುದನ್ನು ಹೇಡಿತನವೆಂದು ಕರೆಯುವ ಅಧಿಕಾರ ನಮಗಿಲ್ಲ. ಆ ಕಾನೂನುಗಳು ಅನಂತರ ಅಲ್ಲಲ್ಲಿ ಸಡಿಲಗೊಂಡಿವೆ. ಸೌದಿ ಅರೇಬಿಯಾದಲ್ಲಿ ಲೈಂಗಿಕ ಕಿರುಕುಳವನ್ನು ಶಿಕ್ಷಿಸುವ ಕಾನೂನು 2018ರಲ್ಲಿ ಬಂದಿತು. ಆದರೂ ಯಾವ ದೇಶದಲ್ಲಿ ಯಾವ ಮಾತನ್ನು ಯಾರ ಮುಂದೆ ಆಡಬಹುದೆಂಬುದನ್ನು ಬಲ್ಲ ಒಬ್ಬ ವಕೀಲೆಯ ಸಲಹೆಯು ದೂರಿಗೆ ಮೊದಲು ದೊರೆಯಬೇಕಾದದ್ದು. ದೂರಾದ ಮೇಲೆ ದೊರೆತರೆ ಅದು ಸಲಹೆಯಾಗದೆ ಬರಿಯ ಸಮಾಧಾನವಾಗುತ್ತದೆ.

ಇದಕ್ಕೆ ಪ್ರತಿಯಾಗಿ ವಿವೇಕಿಗಳಾದವರೇ ಎತ್ತುವ ಒಂದು ಆಕ್ಷೇಪವನ್ನು ಲಘುವಾಗಿ ಕಾಣಲಾಗದು. ಗುಟ್ಟಾಗಿ ಚಿಕಿತ್ಸೆ ಕೊಟ್ಟು ಗುಟ್ಟಾಗಿ ಊರಿಗೆ ಕಳುಹಿಸಿದರೆ, ಪಾತಕಿಯು ಅಲ್ಲಿಯೇ ಉಳಿದು ಮತ್ತೊಬ್ಬಳ ಮೇಲೆ ಕೈಮಾಡುವುದಕ್ಕೆ ದಾರಿಯಾಗುವುದಿಲ್ಲವೆ, ಆಸರೆಯ ಹೆಸರಿನಲ್ಲಿ ಅಪರಾಧವನ್ನು ಮುಚ್ಚಿಹಾಕಿದಂತಾಗುವುದಿಲ್ಲವೆ ಎಂಬುದು ಆ ಆಕ್ಷೇಪ. ಗೋಪ್ಯದ ದಾರಿಯನ್ನು ಮುಚ್ಚಿದೊಡನೆ ಹೆಂಗಸರೆಲ್ಲ ದೂರಿನ ದಾರಿ ಹಿಡಿಯುವುದು ಖಂಡಿತವಾಗಿದ್ದರೆ ಈ ಮಾತನ್ನು ಒಪ್ಪಬಹುದಾಗಿತ್ತು. ಲೋಕಾನುಭವ ಹಾಗಿಲ್ಲ. ಅವರು ಯಾರಿಗೂ ಏನೂ ಹೇಳದೆ ನುಂಗಿಕೊಳ್ಳುತ್ತಾರೆ. ಆಗ ಪಾತಕಿಯೂ ಉಳಿಯುತ್ತಾನೆ, ಸಾಕ್ಷ್ಯವೂ ಅಳಿಯುತ್ತದೆ, ಹೆಂಗಸಿನ ಆರೋಗ್ಯವೂ ಕೆಡುತ್ತದೆ.

ಇದಕ್ಕೆ ನಿದರ್ಶನವನ್ನು ನಾವು ಇರಾಕಿನಲ್ಲಿ ಹುಡುಕಬೇಕಾಗಿಲ್ಲ. 2024ರ ಏಪ್ರಿಲಿನಲ್ಲಿ, ಲೋಕಸಭಾ ಚುನಾವಣೆಯ ಮತದಾನಕ್ಕೆ ಕೆಲವೇ ದಿನ ಮುಂಚೆ, ನಮ್ಮ ಹಾಸನ ಜಿಲ್ಲೆಯ ಊರೂರುಗಳಲ್ಲಿ ಲೈಂಗಿಕ ದೌರ್ಜನ್ಯದ ವಿಡಿಯೊಗಳಿದ್ದ ಪೆನ್‌ಡ್ರೈವ್‌ಗಳು ಹರಿದಾಡಿ, ಅವುಗಳಲ್ಲಿ ಎಷ್ಟೋ ಹೆಂಗಸರ ಮುಖಗಳು ಯಾವ ಮರೆಯೂ ಇಲ್ಲದೆ ಬೀದಿಗೆ ಬಿದ್ದುವು. ಸಂತ್ರಸ್ತೆಯ ಗುರುತನ್ನು ಬಯಲು ಮಾಡುವುದೇ ಒಂದು ಅಪರಾಧವೆಂದು ಕಾನೂನು ಸಾರಿದ್ದರೂ, ಚಹದ ಅಂಗಡಿಯ ಮುಂದೆ ನಿಂತು ನೋಡಿದವರಿಗೆ ಅದರ ನೆನಪಿರಲಿಲ್ಲ. ಅಲ್ಲಿಯವರೆಗೆ ಬಾಯಿ ಬಿಡದಿದ್ದವರು ಏಕೆ ಬಿಟ್ಟಿರಲಿಲ್ಲವೆಂಬುದು ಆ ದಿನಗಳಲ್ಲಿ ನಮಗೆಲ್ಲ ಅರ್ಥವಾಗಬೇಕಾಗಿತ್ತು: ಹೇಳಿಕೊಂಡರೆ ಗುಟ್ಟು ಉಳಿಯುತ್ತದೆಂಬ ನಂಬಿಕೆಯನ್ನು ಹುಟ್ಟಿಸುವ ಒಂದು ಜಾಗ ಅವರಿಗೆ ಗೊತ್ತಿರಲಿಲ್ಲ. ರಾಜ್ಯ ಸರ್ಕಾರವು ವಿಶೇಷ ತನಿಖಾ ತಂಡವನ್ನು ನೇಮಿಸಿ, ಆ ತಂಡವು ನೊಂದವರಿಗಾಗಿ ಸಹಾಯವಾಣಿಯನ್ನು ತೆರೆದ ಮೇಲೆ ಮಾತು ಹೊರಬರುವುದಕ್ಕೆ ಅವಕಾಶವಾಯಿತು. ಆ ದೌರ್ಜನ್ಯಗಳ ಆರೋಪಿಯಾದ, ನಮ್ಮ ಕ್ಷೇತ್ರದ ಅಂದಿನ ಲೋಕಸಭಾ ಸದಸ್ಯರು ರಾಜತಾಂತ್ರಿಕ ಪಾಸ್‌ಪೋರ್ಟಿನ ಬಲದಿಂದ ಜರ್ಮನಿಗೆ ಹೋಗಿ ಕುಳಿತರು. ಇಂಟರ್‌ಪೋಲಿನ ಮೂಲಕ ಬ್ಲೂ ಕಾರ್ನರ್ ನೋಟೀಸು ಹೊರಟಿತು. ಮೇ 31ರಂದು ಅವರು ಮರಳಿದಾಗ ವಿಮಾನ ನಿಲ್ದಾಣದಲ್ಲಿಯೇ ಬಂಧನವಾಯಿತು. ಹೊಳೆನರಸೀಪುರದ ತೋಟದ ಮನೆಯಲ್ಲಿ ಕೆಲಸಕ್ಕಿದ್ದ ಹೆಂಗಸಿನ ದೂರಿನ ಮೇಲೆ, 2025ರ ಆಗಸ್ಟ್ 1ರಂದು ಬೆಂಗಳೂರಿನ ವಿಶೇಷ ನ್ಯಾಯಾಲಯವು ಅವರನ್ನು ಅಪರಾಧಿಯೆಂದು ನಿರ್ಣಯಿಸಿ, ಮರುದಿನ ಜೀವಾವಧಿ ಶಿಕ್ಷೆಯನ್ನು ವಿಧಿಸಿತು. ಕೃತ್ಯ ನಡೆದದ್ದು 2021ರಲ್ಲಿ, ದೂರಾದದ್ದು 2024ರಲ್ಲಿ. ಅಷ್ಟು ಕಾಲ ಕಳೆದ ಮೇಲೂ ಮೊಕದ್ದಮೆ ನಿಂತದ್ದಕ್ಕೆ ಒಂದು ಮುಖ್ಯ ಆಧಾರವೆಂದರೆ ಆಕೆಯ ಸೀರೆಯ ಮೇಲೆ ಉಳಿದಿದ್ದ ಡಿ.ಎನ್.ಎ. ಸಾಕ್ಷ್ಯ. ಆ ಸೀರೆಯನ್ನು ಕಾಪಿಟ್ಟದ್ದು ಯಾವ ವ್ಯವಸ್ಥೆಯೂ ಅಲ್ಲ, ಅದು ಉಳಿದದ್ದು ದೈವವಶಾತ್. ತಡವಾದ ದೂರು ಸುಳ್ಳಿನ ಲಕ್ಷಣವೆಂದು ಇನ್ನೂ ವಾದಿಸುವವರು ಈ ಮೊಕದ್ದಮೆಯನ್ನು ನೆನೆಯಲಿ. ಮತ್ತು ದೈವವಶಾತ್ ಆದದ್ದನ್ನು ವ್ಯವಸ್ಥೆಯಿಂದ ಆಗುವಂತೆ ಮಾಡುವುದೇ ಗೋಪ್ಯದ ದಾರಿಯೆಂಬುದನ್ನು ಆಕ್ಷೇಪಿಸುವವರು ಯೋಚಿಸಲಿ.

ನಮ್ಮ ಒಳನಾಡಿನ ಕಾನೂನು ಈ ವಿಷಯದಲ್ಲಿ ಅರ್ಧದಾರಿಗೆ ಬಂದು ನಿಂತಿದೆ. ಸರ್ಕಾರಿಯಾಗಲಿ ಖಾಸಗಿಯಾಗಲಿ ಎಲ್ಲ ಆಸ್ಪತ್ರೆಗಳೂ ಅತ್ಯಾಚಾರಕ್ಕೊಳಗಾದವರಿಗೆ ಕೂಡಲೇ ಉಚಿತವಾಗಿ ಚಿಕಿತ್ಸೆ ಕೊಡತಕ್ಕದ್ದೆಂದು 2013ರಲ್ಲಿ ವಿಧಿಯಾಯಿತು, ಕೊಡದಿದ್ದರೆ ಆಸ್ಪತ್ರೆಯವರಿಗೇ ಶಿಕ್ಷೆ. ಅದು ನಾವು ಹೆಮ್ಮೆಪಡಬೇಕಾದ ವಿಧಿ. ಆದರೆ ಅದೇ ಕಲಮು ಪೋಲೀಸಿಗೆ ಕೂಡಲೇ ತಿಳಿಸತಕ್ಕದ್ದೆಂದೂ ಹೇಳುತ್ತದೆ. ಪರಿಣಾಮವಾಗಿ, ಪೋಲೀಸಿನ ಹೆಸರು ಕೇಳಿದರೆ ನಡುಗುವ ಹೆಂಗಸು ತಾಲ್ಲೂಕು ಆಸ್ಪತ್ರೆಯ ಹೊಸ್ತಿಲನ್ನೇ ತುಳಿಯುವುದಿಲ್ಲ. ತುಳಿದರೂ ಬಚ್ಚಲಲ್ಲಿ ಜಾರಿಬಿದ್ದೆನೆಂದು ಹೇಳಿ ಗಾಯಕ್ಕೆ ಮುಲಾಮು ಹಚ್ಚಿಸಿಕೊಂಡು ಹೋಗುತ್ತಾಳೆ. 2014ರ ಮಾರ್ಗಸೂಚಿಯು ಇದನ್ನು ಮನಗಂಡು, ಪೋಲೀಸು ವಿಚಾರಣೆ ಬೇಡವೆಂದು ಅವಳು ಹೇಳಿದರೆ ಅದನ್ನು ಬರೆದುಕೊಂಡು ಚಿಕಿತ್ಸೆಯನ್ನು ಮಾತ್ರ ನಿಲ್ಲಿಸಬಾರದೆಂದು ತಿಳಿಸಿದೆ. ಮಾರ್ಗಸೂಚಿಯ ಆ ವಿವೇಕ ಕಾನೂನಿನ ಅಕ್ಷರಕ್ಕೂ ಇಳಿಯಬೇಕಾಗಿದೆ.

ಗಡಿ ದಾಟಿದ ಮೇಲಂತೂ ಈ ಅರ್ಧವೂ ಉಳಿಯುವುದಿಲ್ಲ. ರಾಜಸ್ಥಾನದ ಭಂವರಿ ದೇವಿಯವರ ದುಃಖದಿಂದ ಹುಟ್ಟಿ, 1997ರ ವಿಶಾಖಾ ತೀರ್ಪಿನಿಂದ ಬೆಳೆದು, 2013ರಲ್ಲಿ ಅಧಿನಿಯಮವಾದ ಕೆಲಸದ ಸ್ಥಳದ ಲೈಂಗಿಕ ಕಿರುಕುಳ ತಡೆಯ ಕಾನೂನು, ಕೆಲಸದ ನಿಮಿತ್ತ ಹೋಗುವ ಜಾಗವನ್ನೂ ಪ್ರಯಾಣದ ವಾಹನವನ್ನೂ ಕೆಲಸದ ಸ್ಥಳವೆಂದೇ ಎಣಿಸುವಷ್ಟು ಉದಾರವಾಗಿದ್ದರೂ, ಅದರ ವ್ಯಾಪ್ತಿ ಭಾರತದೊಳಕ್ಕೆ. ಕೃತ್ಯವೆಸಗಿದವನು ಭಾರತೀಯನಾದರೆ ನಮ್ಮ ದಂಡಸಂಹಿತೆ ಅವನನ್ನು ಪರದೇಶದಲ್ಲಿಯೂ ಹಿಂಬಾಲಿಸುತ್ತದೆ. ಆದರೆ ವಿಚಾರಣೆ ನಡೆಸುವುದಕ್ಕೆ ಕೇಂದ್ರ ಸರ್ಕಾರದ ಅನುಮತಿ ಬೇಕು. ಅವನು ಅನ್ಯದೇಶೀಯನಾದರೆ ನಮ್ಮ ನ್ಯಾಯಾಲಯದ ಕೈ ಅಲ್ಲಿಗೆ ನೀಳಲಾರದು. ನ್ಯಾಯ ಇಷ್ಟು ದೂರವಿರುವಲ್ಲಿ ಆಸರೆಯನ್ನು ನ್ಯಾಯದ ಬಾಲಕ್ಕೆ ಕಟ್ಟುವುದೆಂದರೆ ಎರಡನ್ನೂ ಕೈಬಿಟ್ಟಂತೆ.

ಇರುವ ಸಾಧನಗಳೇನೂ ಅಲ್ಪವಲ್ಲ. ವಿದೇಶದಲ್ಲಿ ಕಷ್ಟಕ್ಕೆ ಸಿಕ್ಕಿದ ಭಾರತೀಯರ ವಸತಿ, ವೈದ್ಯೋಪಚಾರ, ವಕೀಲರ ನೆರವು, ಮರಳುವ ಟಿಕೆಟ್ಟು ಇವುಗಳಿಗಾಗಿ ರಾಯಭಾರ ಕಚೇರಿಗಳಲ್ಲಿ 2009ರಿಂದ ಒಂದು ಕಲ್ಯಾಣನಿಧಿಯಿದೆ. 2015ರಲ್ಲಿ ಸರ್ಕಾರವು ಕೊಲ್ಲಿಯ ರಾಷ್ಟ್ರಗಳೇ ಮೊದಲಾದ 18 ದೇಶಗಳಿಗೆ ಹೋಗುವ ನರ್ಸುಗಳನ್ನು ವಲಸೆ ಅನುಮತಿಯ ಕಟ್ಟಿಗೆ ತಂದು, ನೇಮಕವನ್ನು ಸರ್ಕಾರಿ ಸಂಸ್ಥೆಗಳ ಕೈಗೆ ಒಪ್ಪಿಸಿತು. ಅನುಮತಿ ಪಡೆದು ಹೋಗುವ ಕಾರ್ಮಿಕರಿಗೆ 10 ಲಕ್ಷ ರೂಪಾಯಿಗಳ ಅಪಘಾತ ವಿಮೆಯಿದೆ. ಅದರ ಕಂತು ಎರಡು ವರ್ಷಕ್ಕೆ 275 ರೂಪಾಯಿ. ಹೊರಡುವ ಮೊದಲು ಒಂದು ದಿನದ ತರಬೇತಿಯೂ ಇದೆ. ಒಳನಾಡಿನಲ್ಲಿ ನೊಂದ ಹೆಂಗಸರಿಗೆ ಆಸರೆಯಾಗಿರುವ ಸಖಿ ಕೇಂದ್ರಗಳಂಥವನ್ನು ಕೊಲ್ಲಿಯ ದೇಶಗಳಲ್ಲಿಯೂ ಸಿಂಗಪುರ, ಟೊರೊಂಟೊಗಳಲ್ಲಿಯೂ ತೆರೆಯಲು ವಿದೇಶಾಂಗ ಇಲಾಖೆ ಮುಂದಾಗಿರುವುದು ತಡವಾದರೂ ಸ್ವಾಗತಾರ್ಹ. ಇವೆಲ್ಲದರ ನಡುವೆ ನನಗೆ ಕಾಣುವ ಕೊರತೆ ಒಂದು ಹೊಲಿಗೆಯದು. ವಿಮೆಯ ಬಾಬತ್ತುಗಳಲ್ಲಿ ದೌರ್ಜನ್ಯದ ನಂತರದ ಚಿಕಿತ್ಸೆಯನ್ನೂ ಆಪ್ತಸಮಾಲೋಚನೆಯನ್ನೂ ಸ್ಪಷ್ಟವಾಗಿ ಬರೆಯಬೇಕು; ಪರದೇಶದ ಸೇನೆಗೋ ಅದರ ಗುತ್ತಿಗೆದಾರನಿಗೋ ನೌಕರರನ್ನು ಕಳುಹಿಸುವ ಪ್ರತಿಯೊಂದು ಕರಾರಿನಲ್ಲಿಯೂ, ದೂರಿನ ಷರತ್ತಿಲ್ಲದೆ ಮೂರು ದಿನಗಳೊಳಗೆ ಆವರಣದ ಹೊರಗಿನ ವೈದ್ಯರ ಬಳಿಗೆ ಹೋಗುವ ಹಕ್ಕನ್ನೂ ಪಾಸ್‌ಪೋರ್ಟು ತನ್ನ ಕೈಯಲ್ಲಿರುವ ಹಕ್ಕನ್ನೂ ಬರೆಸದೆ ಅನುಮತಿ ಕೊಡಬಾರದು; ಒಂದು ದಿನದ ಆ ತರಬೇತಿಯಲ್ಲಿ ವಿಮಾನ ನಿಲ್ದಾಣದ ಶಿಷ್ಟಾಚಾರವನ್ನು ಹೇಳುವಷ್ಟೇ ಬಿಡಿಸಿ ಆ 72 ಗಂಟೆಗಳ ಮಾತನ್ನೂ ಕಾಗದದ ಲಕೋಟೆಯ ಮಾತನ್ನೂ ಹೇಳಿಕೊಡಬೇಕು. ಹೆಣ್ಣುಮಕ್ಕಳ ಮುಂದೆ ಇಂಥ ವಿಷಯವನ್ನು ಎತ್ತಿದರೆ ಅವರು ಹೆದರಿಬಿಡುತ್ತಾರೆಂದು ಹೇಳುವ ಹಿರಿಯರು ನಮ್ಮಲ್ಲಿದ್ದಾರೆ. ಹೆರಿಗೆಯ ಕೋಣೆಯನ್ನೂ ಶವಾಗಾರವನ್ನೂ ಕಂಡು ಬಂದ ದಾದಿಯರು ಅಷ್ಟಕ್ಕೆ ಹೆದರುವವರಲ್ಲ. ಮಾತನಾಡಲು ಹೆದರುವವರು ನಾವು.

ಭಾಷೆಯ ಮಾತೊಂದಿದೆ. ಸಹಾಯವಾಣಿಯ ಆ ಕಡೆಯಲ್ಲಿ ಹಿಂದಿಯೋ ಇಂಗ್ಲಿಷೋ ಕೇಳಿಸಿದರೆ, ರೋಗಿಯ ಉಪಚಾರಕ್ಕೆ ಸಾಕಾಗುವಷ್ಟು ಇಂಗ್ಲಿಷನ್ನು ಚೆನ್ನಾಗಿಯೇ ಆಡಬಲ್ಲ ನಮ್ಮ ಹುಡುಗಿಯೂ ತನ್ನ ಮೇಲಾದದ್ದನ್ನು ಹೇಳಹೋದಾಗ ತಡವರಿಸುತ್ತಾಳೆ. ಕುವೈತ್ ಕನ್ನಡ ಕೂಟದಂಥ ಸಂಘಗಳು ಕೊಲ್ಲಿಯುದ್ದಕ್ಕೂ ಇವೆ. ರಾಜ್ಯೋತ್ಸವವನ್ನು ವೈಭವದಿಂದ ನಡೆಸುವ ಆ ಸಂಘಗಳಲ್ಲಿ ನಾಲ್ಕಾರು ಮಂದಿ ಸುಶಿಕ್ಷಿತ ಮಹಿಳೆಯರಿಗೆ ಕ್ರಮವಾದ ತರಬೇತಿಯನ್ನೂ ಗೋಪ್ಯಪ್ರತಿಜ್ಞೆಯನ್ನೂ ಕೊಡಿಸಿ, ರಾಯಭಾರ ಕಚೇರಿಯ ಪಟ್ಟಿಯಲ್ಲಿ ಸೇರಿಸಿಕೊಂಡರೆ, ಖರ್ಚು ಸ್ವಲ್ಪ, ಪ್ರಯೋಜನ ಬಹಳ. ಗಂಡಸರನ್ನೂ ಈ ಏರ್ಪಾಡಿನಿಂದ ಹೊರಗಿಡಬಾರದೆಂಬುದು ನನ್ನ ದೃಢವಾದ ಅಭಿಪ್ರಾಯ. ಪಾಳೆಯದ ಅಡಿಗೆಮನೆಯಲ್ಲಿ ದುಡಿಯುವ ಹುಡುಗನ ಮೇಲೆಯೂ ಇಂಥ ಹಿಂಸೆ ನಡೆಯುವುದುಂಟು. ಹಿಂದಿನ ದಂಡಸಂಹಿತೆಯ 377ನೆಯ ಕಲಮು 2024ರ ಜುಲೈಯಿಂದ ಜಾರಿಗೆ ಬಂದ ಹೊಸ ನ್ಯಾಯಸಂಹಿತೆಯಲ್ಲಿ ಇಲ್ಲದ ಕಾರಣ, ಪ್ರಾಯಕ್ಕೆ ಬಂದ ಗಂಡಸಿನ ಮೇಲಾದ ಬಲಾತ್ಕಾರಕ್ಕೆ ಇಂದು ನಮ್ಮಲ್ಲಿ ಹೆಸರಿಟ್ಟ ಕಲಮೇ ಉಳಿದಿಲ್ಲ. ಕಾನೂನು ಹೆಸರಿಡದ ನೋವಿಗೂ ಆಸರೆ ಬೇಕು.

ಸೈನ್ಯಗಳೊಡನೆ ಬಹುಕಾಲ ವ್ಯವಹರಿಸಿದ ವಿಶ್ವಸಂಸ್ಥೆಯು, ತನ್ನ ಶಾಂತಿಪಾಲಕ ಪಡೆಗಳ ವಿಷಯದಲ್ಲಿ ಬಂದ ಅಪಕೀರ್ತಿಯಿಂದ ಪಾಠ ಕಲಿತು, ನಾನು ಹೇಳುತ್ತಿರುವ ತತ್ತ್ವವನ್ನೇ ಅಂಗೀಕರಿಸಿದೆ. 2007ರಲ್ಲಿ ಮಹಾಸಭೆ ಒಪ್ಪಿದ ನೀತಿಯನ್ನು ಅನುಸರಿಸಿ 2019ರಲ್ಲಿ ರಚಿತವಾದ ಅದರ ನಿಯಮಾವಳಿಯು, ನೊಂದವರು ತನಿಖೆಗೆ ಮುಂದಾಗಲಿ ಬಿಡಲಿ, ತನಿಖೆಗೆ ಸಹಕರಿಸಲಿ ಬಿಡಲಿ, ನೆರವು ಮಾತ್ರ ದೊರೆಯತಕ್ಕದ್ದೆಂದು ಸ್ಪಷ್ಟವಾಗಿ ಹೇಳುತ್ತದೆ. ನೊಂದವರಿಗಾಗಿ 2016ರಲ್ಲಿ ಸ್ಥಾಪಿತವಾದ ನಿಧಿಗೆ ಕಾಣಿಕೆ ಸಲ್ಲಿಸಿದ ದೇಶಗಳಲ್ಲಿ ಭಾರತವೂ ಒಂದು. 2007ರಲ್ಲಿ ಲೈಬೀರಿಯಾಕ್ಕೆ ಮಹಿಳೆಯರದೇ ಆದ ಪೋಲೀಸ್ ತುಕಡಿಯನ್ನು ಕಳುಹಿಸಿ, ಅಲ್ಲಿಯ ಹೆಂಗಸರಿಗೆ ಧೈರ್ಯ ತುಂಬಿದ ದೇಶವೂ ನಮ್ಮದೇ. ಪರರ ಹೆಣ್ಣುಮಕ್ಕಳ ವಿಷಯದಲ್ಲಿ ನಾವು ಲೋಕದ ಮುಂದೆ ಒಪ್ಪಿ ನಡೆದ ಧರ್ಮವನ್ನು ನಮ್ಮ ಹೆಣ್ಣುಮಕ್ಕಳ ಕರಾರಿನಲ್ಲಿ ಬರೆಯುವುದಕ್ಕೆ ಸಂಕೋಚವೇಕೆ?

ಇನ್ನು ಉಳಿದದ್ದು, ಏನನ್ನೂ ಯಾರಿಗೂ ಹೇಳದೆ ಮರಳಿ ಬಂದವಳ ವಿಷಯ. ಅವಳು ಬಂದಿಳಿಯುವುದು ಬೆಂಗಳೂರಿನಲ್ಲಿಯಾದರೂ ಬದುಕುವುದು ಬಾಗೂರಿನಲ್ಲಿಯೋ ದಂಡಿಗನಹಳ್ಳಿಯಲ್ಲಿಯೋ. ಎರಡು ವರ್ಷದ ಕರಾರು ಆರು ತಿಂಗಳಿಗೆ ಏಕೆ ಮುಗಿಯಿತೆಂದು ನೆರೆಹೊರೆ ಕೇಳುತ್ತದೆ, ಏಜೆಂಟನಿಗೆ ಕೊಡಲು ಮಾಡಿದ ಸಾಲದ ಬಡ್ಡಿ ಬೆಳೆಯುತ್ತಿರುತ್ತದೆ, ನಿದ್ರೆ ಬರುವುದಿಲ್ಲ. ಅವಳು ಹೋಗಬಹುದಾದ ಜಾಗಗಳು ಇಲ್ಲದಿಲ್ಲ: ಎರಡು ದಶಕಗಳ ಹಿಂದೆಯೇ ನಮ್ಮ ರಾಜ್ಯ ಆರಂಭಿಸಿದ ಸಾಂತ್ವನ ಯೋಜನೆ, ಜಿಲ್ಲೆಗೊಂದರಂತೆ ಸಖಿ ಕೇಂದ್ರ, 181 ಸಹಾಯವಾಣಿ. ಆದರೆ ಕೃತ್ಯ ನಡೆದದ್ದು ಎಲ್ಲಿ, ಎಫ್.ಐ.ಆರ್. ಎಲ್ಲಿ ಎಂದು ಅಲ್ಲಿಯೂ ಮೊದಲ ಪ್ರಶ್ನೆಯಾದರೆ ಅವಳು ಬಂದ ದಾರಿಯಲ್ಲಿಯೇ ಹಿಂದಿರುಗುತ್ತಾಳೆ. ಸಂತ್ರಸ್ತರ ಪರಿಹಾರವನ್ನು ಕುರಿತ ಕಲಮಿನಲ್ಲಿ, ಹಿಂದೆ 357ಎ ಎಂದಿದ್ದು ಈಗ ನಾಗರಿಕ ಸುರಕ್ಷಾ ಸಂಹಿತೆಯ 396 ಎನಿಸಿರುವುದರಲ್ಲಿ, ನಾಲ್ಕನೆಯ ಉಪಕಲಮೊಂದಿದೆ. ಅಪರಾಧಿ ಪತ್ತೆಯಾಗದೆ, ವಿಚಾರಣೆಯೇ ನಡೆಯದೆ ಹೋದರೂ, ನೊಂದವರು ನೇರವಾಗಿ ಕಾನೂನು ಸೇವಾ ಪ್ರಾಧಿಕಾರಕ್ಕೆ ಅರ್ಜಿ ಹಾಕಿ ಪರಿಹಾರ ಕೇಳಬಹುದೆಂದು ಅದು ಹೇಳುತ್ತದೆ. ಎಂದರೆ, ವಿಚಾರಣೆಯಿಲ್ಲದೆ ನೆರವಿಲ್ಲವೆಂಬ ವಾದವನ್ನು ನಮ್ಮ ಶಾಸನವೇ ಎಂದೋ ಬಿಟ್ಟುಕೊಟ್ಟಿದೆ. ಕಾಡಿನಲ್ಲಿ ತಲೆಮರೆಸಿಕೊಂಡವನೂ ಪರರಾಜ್ಯದ ಪಾಳೆಯದೊಳಗೆ ನಮ್ಮ ಕೈಗೆಟುಕದೆ ಕುಳಿತವನೂ ನೊಂದವಳ ಪಾಲಿಗೆ ಒಂದೇ. ಆದಕಾರಣ ಹಾಸನದ ಪ್ರಾಧಿಕಾರವಾಗಲಿ ರಾಜ್ಯದ ಪ್ರಾಧಿಕಾರವಾಗಲಿ ಈ ಉಪಕಲಮನ್ನು ಉದಾರವಾಗಿ ಓದಿ, ಹೊರದೇಶದಲ್ಲಿ ನೊಂದು ಬಂದವರ ಅರ್ಜಿಗಳನ್ನು ಅದರ ಅಡಿಯಲ್ಲಿ ಸ್ವೀಕರಿಸಬೇಕು. ಹಾಗೆ ಓದುವುದಕ್ಕೆ ಅಡ್ಡಿ ಕಂಡುಬಂದರೆ, ಯೋಜನೆಯ ನಿಯಮಗಳಲ್ಲಿ ಒಂದು ಸಾಲನ್ನು ಸೇರಿಸುವುದು ರಾಜ್ಯ ಸರ್ಕಾರದ ಕೈಯಲ್ಲಿಯೇ ಇದೆ. ಅದಕ್ಕೆ ದಿಲ್ಲಿಯ ಅಪ್ಪಣೆಯೂ ಬೇಡ, ರಿಯಾದಿನ ಒಪ್ಪಿಗೆಯೂ ಬೇಡ.